ಗೋಕಾವಿ ಚೆಂಡು

ವರ್ಷಕ್ಕೊಮ್ಮೆ ಬರುತ್ತೇನೆ ಹಿಂದವಾಡಿಯ ಈ ಮನೆಗೆ,
ಮಳೆ ಹಿಂದೆ ಸರಿದು
ಬಿಸಿಲು ಇನ್ನೂ ಹಸಿ ಇರುವಾಗ.
ಚೀಲದಲ್ಲಿ ಎರಡು ಪಾನಾ, ಎಲ್-ಕೀ, ಹಳೆ ಬನಿಯನ್ನಿನ ಚಿಂದಿ,
ಒಂದು ಮರದ ಚೆಂಡು.

ಎರಡನೇ ಮಹಡಿ. ಒಂಬತ್ತು ಕಂಬ, ಹತ್ತು ಸಾಲು ತಂತಿ.
ಕಟ್ಟಿದವನು ನಾನೇ.
ಕತ್ತರಿಸುವ ಮೊದಲು ಟೇಪು ಸುತ್ತಬೇಕು,
ಇಲ್ಲವಾದರೆ ಹತ್ತೊಂಬತ್ತು ಎಳೆ
ಹಿಸೆ ಕೇಳಿದ ಅಣ್ಣತಮ್ಮಂದಿರ ಹಾಗೆ
ಹತ್ತೊಂಬತ್ತು ದಿಕ್ಕಿಗೆ.

‘ಕಲೆ ಬರೂದಿಲ್ಲ ಅಂದಿದ್ದಿ, ಬಾ ಇಲ್ಲೆ’
ಚೌಗಲಾ ಟೀಚರು ಬೆರಳು ತೋರಿಸಿದರು.
ಪಡುವಣ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಬಣ್ಣ.
ನಾನು ಪಕ್ಕದ ಮನೆ ನೋಡಿದೆ:
ಹೊಸ ಕಬ್ಬಿಣದ ಗೇಟು, ಗೋಡೆಗೆ ಗ್ರೈಂಡರಿನ ಮಸಿ.
‘ಕಿಡಿ ಹಾರಿ ಬಂದು ಕುಂತಾವ್ರೀ.
ತುಕ್ಕು ನಮ್ಮದಲ್ಲ, ಅವರದು.
ಸಹವಾಸದಿಂದ ಸನ್ಯಾಸಿ ಕೆಟ್ಟ.’
‘ಮೂವತ್ತು ವರ್ಷ ಹುಡುಗರಿಗೆ ನಾ ಹೇಳಿದ ಮಾತು
ಈಗ ನನಗೇ ಹೇಳ್ತಿ’ ಎಂದು
ಒಳಗೆ ಹೋಗಿ ಬಕೆಟ್ ತಂದರು.

ಸಾಬೂನು ನೀರು. ಎಳೆ ಹೊರಳಿದ ಕಡೆಗೇ ಒರೆಸಬೇಕು.
ಪಾತ್ರೆ ತಿಕ್ಕುವ ಜುಂಗು ಮುಟ್ಟಿಸಬಾರದು,
ಸಂಡಾಸಿನ ಆಸಿಡ್ಡಂತೂ ಬೇಡವೇ ಬೇಡ.
ಇದನ್ನು ಪ್ರತಿ ವರ್ಷ ಹೇಳುತ್ತೇನೆ,
ಪ್ರತಿ ವರ್ಷ ಮೋರಿಯ ಬಳಿ ಅದೇ ಬಾಟಲಿ ಕಾಣುತ್ತದೆ.

ಬಾಳೇಶ ಮೇಲಿನ ಸಾಲಿಗೆ ಕೈ ಹಾಕಿದ.
‘ನಡುವಿನಿಂದ ಹಿಡಿಯಪ್ಪಾ. ಒಂದು ಮ್ಯಾಲೆ, ಒಂದು ಕೆಳಗೆ.
ಮೊದಲಿಗೇ ಪೂರ್ತಿ ಬಿಗಿದರೆ
ಉಳಿದವು ಜೋತು ಬೀಳ್ತಾವ.’
ನಡುವಿನ ಕಂಬಗಳದೇನು,
ತಂತಿಯನ್ನು ತಮ್ಮ ತೂತಿನಿಂದ ದಾಟಗೊಡುತ್ತವೆ, ಅಷ್ಟೆ.
ಎಳೆತವೆಲ್ಲ ತುದಿಯ ಎರಡಕ್ಕೆ.
ಅವನ್ನು ನೋಡಲು ಯಾರೂ ಮಹಡಿ ಹತ್ತುವುದಿಲ್ಲ.

ಅಪ್ಪ ವಡಗಾವಿಯ ಮಗ್ಗದವ.
ಎಳೆಯ ಬಿಗಿ ತಿಳಿಯುವುದು ಬೆರಳ ಹಿಂಬದಿಗೆ ಎನ್ನುತ್ತಿದ್ದ.
ಕಂತಿನಲ್ಲಿ ಗೇಜು ಕೊಂಡಿದ್ದೇನೆ,
ಆದರೂ ಒಮ್ಮೆ ಬೆರಳ ಹಿಂಬದಿಯಿಂದ ಒತ್ತಿ ನೋಡುತ್ತೇನೆ.
ಕೆಲವರು ಮೀಟಿ ನೋಡುತ್ತಾರೆ, ಸ್ವರ ಬಂದೀತೆಂದು.
ಸರಿಯಾಗಿ ಬಿಗಿದ ತಂತಿ
ಗುಂ ಎಂದು ಸುಮ್ಮನಾಗುತ್ತದೆ.

ಆಮೇಲೆ ಚೆಂಡು.

ಕೆಲಸಕ್ಕೆ ಸೇರಿದ ವರ್ಷ ಗಜಬರ ಉಸ್ತಾದರು ಕೇಳಿದ್ದರು:
‘ತಂತಿಗೆ ತಂತಿಗೆ ಎಷ್ಟು ಸಂದಿ ಬಿಡ್ತಿ?’
ಪುಸ್ತಕದಲ್ಲಿದ್ದ ಲೆಕ್ಕ ಹೇಳಿದೆ.
‘ಪುಸ್ತಕ ಇಡು. ಮನ್ಯಾಗ ಕೂಸೈತಲ್ಲ, ಅದನ್ನ ಅಳತಿ ಮಾಡಿ ಬಾ.’
ತನುಜಾಗೆ ಆಗ ಮೂರು ತಿಂಗಳು.
ವರ್ನಿಯರಿನ ಎರಡೂ ಬಾಯಿಗೆ ಅರಳೆ ಸುತ್ತಿ,
ಅವಳು ನಿದ್ದೆಯಲ್ಲಿದ್ದಾಗ, ಹೆಂಡತಿ ಬಯ್ಯುತ್ತಿದ್ದಾಗ,
ಕಿವಿಯ ಮೇಲಿಂದ ಕಿವಿಯ ಮೇಲಕ್ಕೆ ಹಿಡಿದೆ:
ನಾಲ್ಕು ಇಂಚು. ಕೂದಲೆಳೆಯಷ್ಟು ಹೆಚ್ಚಿರಬಹುದು, ಅದು ಕೂದಲೇ.

ಗೋಕಾಕಿನ ಗೊಂಬೆಯವನೊಬ್ಬ ಕಡೆದು ಕೊಟ್ಟ.
‘ಇದಕ್ಕ ಕಣ್ಣು ಬರೀಲ್ಯಾ?’ ಎಂದ. ಬೇಡವೆಂದೆ.
ಕೆಂಪು ಬಣ್ಣ ಈಗ ಅಲ್ಲಲ್ಲಿ ಮಾತ್ರ.
ತನುಜಾ ಒಂಬತ್ತನೇ ಇಯತ್ತೆ,
ಎರಡು ಜಡೆ, ಎಲ್ಲದಕ್ಕೂ ಎದುರು ಮಾತು.
ಚೆಂಡಿಗೆ ಇನ್ನೂ ಮೂರೇ ತಿಂಗಳು.

ಪ್ರತಿ ಅಂಕಣ, ಪ್ರತಿ ಸಂದಿ, ಅಂಗೈಯಿಂದ ಒತ್ತುತ್ತ ಬಂದೆ.
ಐದನೇ ಅಂಕಣದಲ್ಲಿ,
ಟೀಚರು ಒದ್ದೆ ಕಂಬಳಿ ಹೊದಿಸುವ ಜಾಗದಲ್ಲಿ,
ತಂತಿ ಸರಿದು ದಾರಿ ಬಿಟ್ಟಿತು.
ಚೆಂಡು ಆಚೆ ಹೋಯಿತು.
ಕೆಳಗೆ ಸೀತಾಫಲದ ಗಿಡದಲ್ಲಿ ಸದ್ದು.
ಬಾಳೇಶ ನಕ್ಕ.
ನನಗೆ ನಗಲಾಗಲಿಲ್ಲ.
ಗೊತ್ತು, ಅದು ಮರ. ಗೊತ್ತಿದ್ದೂ
ಮೆಟ್ಟಿಲು ಎರಡೆರಡಾಗಿ ಇಳಿದೆ.

ಮೇಲೆ ಬಂದಾಗ ಟೀಚರು:
‘ನಮ್ಮಲ್ಲಿ ಸಣ್ಣವರು ಯಾರೂ ಇಲ್ಲಲ್ಲೋ, ಇಷ್ಟ್ಯಾಕ?’
‘ಪಾವಣ್ಯಾರು ಬರ್ತಾರಲ್ರೀ.’
ಅವರು ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡರು.
ಎರಡು ಸುತ್ತು ಬಿಗಿದೆ. ಲಾಕ್‌ನಟ್ ಕೂರಿಸಿದೆ.
ಮತ್ತೆ ಒತ್ತಿದೆ. ಹೋಗಲಿಲ್ಲ.
ಇನ್ನೊಮ್ಮೆ ಒತ್ತಿದೆ.

ಚೆಂಡಿಗೆ ಮಣ್ಣು ಮೆತ್ತಿತ್ತು, ಚಿಂದಿಯಲ್ಲಿ ಒರೆಸಿ ಚೀಲಕ್ಕೆ.
ಬಿಲ್ಲಿನಲ್ಲಿ ಬರೆದದ್ದು:
ತೊಳೆದದ್ದು, ಬಿಗಿದದ್ದು, ಒಂದು ನಟ್.
ಮುಂದಿನ ಮನೆ ಶಹಾಪುರ.
ಮೂರನೇ ಮಹಡಿ, ಲಿಫ್ಟ್ ಇಲ್ಲ.